ಹತ್ತು ಎತ್ತಿನ ಆಲ್ಬಂ

ನಮ್ಮೂರು ಮಹಾಲಾಪೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ರೈಲು ಹಳಿ ಓಡುವಷ್ಟು ದೂರ, ಮೆಟಲ್ ಸಂಗೀತವನ್ನು ನನ್ನಷ್ಟು ಕೇಳಿದ ಕಿವಿ ಇನ್ನೊಂದಿಲ್ಲ. ನಾನು ಕೇಳಿ ಮುಗಿಸಿದ ಕ್ಯಾಸೆಟ್ಟುಗಳ ಸುರುಳಿ ಬಿಚ್ಚಿ ಎಳೆದರೆ ಕಲಹಾರಿ ಮರುಭೂಮಿಗೆ ಮೂರು ಸುತ್ತು ಬೇಲಿ ಹಾಕಿ, ಮಿಕ್ಕಿದ್ದರಲ್ಲಿ ನನ್ನ ಹೆಂಡತಿ ಬಟ್ಟೆ ಒಣಗಿಸಬಹುದು. ಇದನ್ನು ಜಂಬ ಅನ್ನುವವರು ಕ್ಯಾಸೆಟ್ಟು ಬಿಚ್ಚಿ ಅಳೆದು ನೋಡಲಿ. ತಂದೆತಾಯಿ ಇಟ್ಟ ಹೆಸರು ಮೊಸಿಮನೆಗಾಪೆ. ಆ ಹೆಸರು ಹಿಡಿದು ಕರೆಯುವವರು ಈಗ ಈ ಕಥೆಯಲ್ಲಿ ಬರುವ ಒಬ್ಬ ಮುದುಕ ಮಾತ್ರ. ತೊಗಲಂಗಿ ತೊಟ್ಟು, ಸೊಂಟಕ್ಕೆ ಸರಪಳಿ ಸುತ್ತಿಕೊಂಡು ತಿರುಗುವ ನಮ್ಮ ಬಳಗಕ್ಕೆ ನಾನು ಗುಡುಗು.

ಆಲ್ಬಮ್ಮಿಗೆ ಬೇರೆಯವರು ನಕ್ಷತ್ರ ಕೊಡುತ್ತಾರೆ. ನಕ್ಷತ್ರ ಯಾರಪ್ಪನ ಗಂಟು? ನಾನು ಎತ್ತು ಕೊಡುತ್ತೇನೆ. ಕೆಟ್ಟದ್ದಕ್ಕೆ ಒಂದು ಎತ್ತು, ಅದೂ ಕುಂಟು. ಹೆಣ್ಣಿನ ಕಡೆಗೆ ತೆರವೆಂದು ಹತ್ತು ಎತ್ತು ಕೊಟ್ಟರೆ ನಮ್ಮಲ್ಲಿ ಮನೆಗೆ ಹೆಂಡತಿ ಬರುತ್ತಾಳೆ, ಆದ್ದರಿಂದ ಹತ್ತನ್ನು ನಾನು ಸುಮ್ಮನೆ ಕೊಡುವವನಲ್ಲ. ಇಡೀ ಆಯುಷ್ಯದಲ್ಲಿ ಕೊಟ್ಟದ್ದು ಒಂದೇ ಆಲ್ಬಮ್ಮಿಗೆ. ಅದರ ಕಥೆಯೇ ಇದು, ಮತ್ತು ಗೆಳೆಯ ಮೂಳೆಯನ್ನು ಮಣ್ಣು ಮಾಡಿದ ಕಥೆ.

ಮೂಳೆಯ ಹೆಸರು ಒಲೆಬಿಲೆ. ನಾನು ಆ ಅಡ್ಡಹೆಸರಿಟ್ಟಾಗ ಅವನು ಹೋರಿಯ ಹಾಗಿದ್ದ. ಕಲ್ಲಿದ್ದಲ ಗಣಿಯಲ್ಲಿ ಇಬ್ಬರು ಎತ್ತುವುದನ್ನು ಒಂದೇ ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಹಣೆ ಒರೆಸಿಕೊಳ್ಳುತ್ತಿದ್ದ. ಗೇಲಿಗೆಂದು ಮೂಳೆ ಅಂದೆವು. ಈ ಜೂನ್ ಹೊತ್ತಿಗೆ ಎದೆಯ ರೋಗ ಆ ಗೇಲಿಯನ್ನು ನಿಜ ಮಾಡಿ ಮಂಚದ ಮೇಲೆ ಮಲಗಿಸಿತ್ತು. ನಾನು ಆಸ್ಪತ್ರೆಗೆ ಹೋದ ದಿನ ಅವನ ಕೆಮ್ಮಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ಕೆಮ್ಮು ನಿಂತ ಒಂದು ಸಂದಿಯಲ್ಲಿ ನನ್ನ ಸರಪಳಿ ಹಿಡಿದು ಎಳೆದ.

“ಗುಡುಗು, ನಾನು ನನ್ನ ತೊಗಲಂಗೀಲೇ ಮಣ್ಣಿಗೆ ಹೋಗ್ಬೇಕು. ಕೆಳಗಿಳಿಸೋವಾಗ ಒಂದು ಆಲ್ಬಂ ಹಾಕ್ಸು. ಯಾವ್ದು ಅಂತ ನೀನೇ ಆರ್ಸು. ಆದ್ರೆ ಕಿವೀಲಿ ಆರ್ಸು ಕಣೋ, ಬಾಯಲ್ಲಿ ಬೇಡ.”

ನಾನು ಮಾತು ಕೊಟ್ಟೆ. ಒಂದು ಮಾತು ಕೇಳಿದರೆ ಹತ್ತು ಕೊಡುವ ಸ್ವಭಾವ ನನ್ನದು. ಆದರೆ ಅವತ್ತು ಕೊಟ್ಟದ್ದು ಒಂದೇ, ಅದೂ ಸಣ್ಣ ದನಿಯಲ್ಲಿ.

ಆ ತೊಗಲಂಗಿಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮೆಲ್ಲರದು ಅಂಗಡಿಯ ಮಾಲು, ಮೂಳೆಯದು ಅವನೇ ಹೊಲಿದದ್ದು. ಬೆನ್ನಿಗೆ ಒಂದೇ ತುಂಡು ಕೆಂದು ಎತ್ತಿನ ತೊಗಲು, ಅದರ ನಟ್ಟನಡುವೆ ಸುಟ್ಟು ಕಪ್ಪಾದ ಒಂದು ಗುರುತು. ಮೇಲೆ ಎರಡು ಕೊಂಬಿನಂತೆ ಬಾಗಿದ ಗೆರೆ, ನಡುವೆ ತಲೆಕೆಳಗಾದ ಈಟಿ, ಅಡಿಯಲ್ಲೊಂದು ಅಡ್ಡಪಟ್ಟಿ. ಉತ್ತರದ ಹಿಮದ ದೇಶಗಳ ಬ್ಲ್ಯಾಕ್ ಮೆಟಲ್ ತಂಡಗಳ ಲಾಂಛನ ಹೀಗೆಯೇ ಇರುತ್ತದೆ, ಬೇರು ಸಮೇತ ಕಿತ್ತ ಮುಳ್ಳುಗಿಡದಂತೆ. ಹಾಡುವವನ ಹೆತ್ತ ತಾಯಿಗೂ ಅದನ್ನು ಓದಲಾಗುವುದಿಲ್ಲ. ಯಾವ ತಂಡದ್ದು ಎಂದು ಯಾರು ಕೇಳಿದರೂ ಮೂಳೆ ನಗುತ್ತ, ಗುಡುಗನ್ನ ಕೇಳಿ, ಅನ್ನುತ್ತಿದ್ದ. ಗುಡುಗು ಗೊತ್ತಿಲ್ಲ ಅನ್ನಬಹುದೇ? ನಾರ್ವೆಯ ‘ಹಿಮಗೋರಿ’ ತಂಡದ್ದು ಎಂದು ವಿವರಿಸುತ್ತಿದ್ದೆ. ಅವರು ಮಾಡಿದ್ದು ಒಂದೇ ಆಲ್ಬಂ, ತೆಗೆದದ್ದು ನೂರು ಪ್ರತಿ, ಅದರಲ್ಲಿ ತೊಂಬತ್ತು ಬೆಂಕಿಗೆ ಹೋದವು. ಉಳಿದ ಹತ್ತರಲ್ಲಿ ಒಂದನ್ನು ನಾನು ವಾಲ್ವಿಸ್ ಬೇ ಬಂದರಿನಲ್ಲಿ ಒಬ್ಬ ನಾವಿಕನ ಬಳಿ ಕೇಳಿದ್ದು. ಹಾಡುಗಾರ ಬರಿಮೈಯಲ್ಲಿ ಹಿಮದ ಮೇಲೆ ನಿಂತು ಹಾಡುತ್ತ ಹಾಡುತ್ತಲೇ ಹೆಪ್ಪುಗಟ್ಟಿ ಸತ್ತ. ಕೊನೆಯ ಹಾಡಿನ ತುದಿಯಲ್ಲಿ ಅವನ ಹಲ್ಲು ಕಟಕಟಿಸುವುದು ಕೇಳುತ್ತದೆ. ಹತ್ತು ಎತ್ತು. ಹೇಳಿದಾಗೆಲ್ಲ ಆಲ್ಬಂ ಇನ್ನಷ್ಟು ಚೆನ್ನಾಗುತ್ತಿತ್ತು. ಮೂಳೆ ಪ್ರತಿ ಸಲವೂ ಮೊದಲ ಸಲ ಕೇಳುವವನಂತೆ ಕಣ್ಣರಳಿಸಿ ಕೇಳುತ್ತಿದ್ದ.

ಸೋಮವಾರ ಅವನು ಹೋದ. ಬಳಗದ ಬೊನೊಲೊಳ ಪಿಕಪ್ಪಿನಲ್ಲಿ ಶವಾಗಾರಕ್ಕೆ ಹೋದೆವು. ಬೊನೊಲೊ ದನ ಸಾಗಿಸುವ ಲಾರಿ ಓಡಿಸುವ ಹೆಣ್ಣು, ಬಳಗದಲ್ಲಿ ಅವಳ ಹೆಸರು ರಣಹದ್ದು. ಅವಳು ನಕ್ಕದ್ದನ್ನು ಕಂಡವರು ಬದುಕಿ ಉಳಿದಿಲ್ಲವೆಂದು ಪ್ರತೀತಿ. ನಾವಿಬ್ಬರೂ ಮೂಳೆಗೆ ತೊಗಲಂಗಿ ತೊಡಿಸಿದೆವು. ಅವನು ಎಷ್ಟು ಇಳಿದುಹೋಗಿದ್ದನೆಂದರೆ ಅವನು ಅಂಗಿ ತೊಟ್ಟಂತೆ ಕಾಣಲಿಲ್ಲ, ಅಂಗಿಯೇ ಅವನನ್ನು ತೊಟ್ಟಂತೆ ಕಂಡಿತು. ಬೊನೊಲೊ ತೋಳನ್ನು ಮಡಿಸಿ ಮಡಿಸಿ ಕೈಬೆರಳು ಹೊರಗೆ ಕಾಣುವಂತೆ ಮಾಡಿದಳು. ಮನೆಯವರನ್ನು ಒಂದು ಮಾತು ಕೇಳಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ತೊಗಲಂಗಿಯವರಿಗೆ ತೊಗಲಂಗಿಯವರೇ ನೆಂಟರೆಂದು ಅಷ್ಟು ವರ್ಷ ಕೂಗಿಕೊಂಡು ಬಂದವರು ನಾವು.

ಬುಧವಾರ ಅವನ ತಾಯಿ ಹೇಳಿಕಳಿಸಿದರು. ಸೂತಕದ ಮನೆಯಲ್ಲಿ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಹೊರಗೆ ಗಂಡಸರು ಸೌದೆ ಒಡೆಯುತ್ತಿದ್ದರು. ಅವರ ಅಣ್ಣ ಗಬಾಕೆ, ಅಂದರೆ ಮೂಳೆಯ ಸೋದರಮಾವ, ಶೋಶೊಂಗ್ ಗುಡ್ಡದಾಚೆಯ ತನ್ನ ದನದ ಹಟ್ಟಿಯಿಂದ ಹೇಳಿಕಳಿಸಿದ್ದನಂತೆ, ಹೆಣ ಶವಾಗಾರದಿಂದ ಮನೆಗೆ ಬರಕೂಡದು, ಅಂಗಿ ತೊಡಿಸಿದವನನ್ನು ಮೊದಲು ನನ್ನ ಮುಂದೆ ನಿಲ್ಲಿಸಿ, ಎಂದು. ಶುಕ್ರವಾರ ಹೆಣ ಮನೆಗೆ ಬರಬೇಕು, ಶನಿವಾರ ಹೊತ್ತು ಮೂಡುವಾಗ ಮಣ್ಣು. ಆದರೆ ನಮ್ಮಲ್ಲಿ ಸೋದರಮಾವ ಹೂಂ ಅನ್ನದೆ ಹೆಣದ ಪೆಟ್ಟಿಗೆಯ ಒಂದು ಮೊಳೆಯೂ ಕದಲುವುದಿಲ್ಲ.

“ತೆಗೀರಿ ಅಂದ್ರೆ ನಿನ್ನ ಕೈಯಾರ ನೀನೇ ತೆಗೀಬೇಕು,” ಅಂದರು ತಾಯಿ. “ಸತ್ತ ನನ್ನ ಮಗನ್ನ ಎರಡೆರಡು ಸಲ ಬಿಚ್ಚಿ ಉಡ್ಸೋದು ನಂಗೆ ಬೇಡಪ್ಪ. ಹೋಗಿ ಮಾತಾಡು.”

ಮುದುಕನ ತಕರಾರು ಏನೆಂದು ನನಗೆ ಆಗಲೇ ಗೊತ್ತಾಗಿಹೋಗಿತ್ತು. ನಮ್ಮದು ದೆವ್ವದ ಸಂಗೀತವೆಂದು ಊರಿನ ಪಾದ್ರಿ ವರ್ಷಕ್ಕೊಮ್ಮೆಯಾದರೂ ಬೋಧಿಸುತ್ತಿದ್ದ. ಆ ದೆವ್ವ ಹಟ್ಟಿಯವರೆಗೂ ಹೋಗಿ ತಲುಪಿದೆ, ಮತ್ತೇನಿಲ್ಲ. ದೆವ್ವ ಇಲ್ಲವೆಂದು ಕೇಳಿಸಿ ತೋರಿಸಿದರೆ ಮುಗಿಯಿತು. ಕೇಳಿಸಲು ನನಗಿಂತ ಯೋಗ್ಯ ಯಾರಿದ್ದಾರೆ? ಪೆಟ್ಟಿಗೆ ತುಂಬ ಆಲ್ಬಂ ತುಂಬಿಕೊಂಡೆ. ನನ್ನ ತೊಗಲಂಗಿ ತೊಟ್ಟೆ. ಆ ಅಂಗಿಗೆ ನಾನು ಮೂವತ್ತು ವರ್ಷದಿಂದ ಮೊಳೆ ಹೊಡೆಯುತ್ತ ಬಂದಿದ್ದೆ. ಹೆಗಲಿಗೆ ಕಾಡುಕುರಿಯ ಕೊಂಬು, ಎದೆಗೆ ನರಿಯ ಬುರುಡೆ. ಒಮ್ಮೆ ಕದಿಯಲು ಬಂದ ಕಳ್ಳ ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, ಈಗಲೂ ಬಾಗಿಯೇ ನಡೆಯುತ್ತಾನೆ.

ಗುರುವಾರ ನಡುಹಗಲಿಗೆ ಹಟ್ಟಿ ಮುಟ್ಟಿದೆವು. ಗಬಾಕೆ ಮಾವ ಮುಳ್ಳಿನ ದೊಡ್ಡಿಯ ಬಾಗಿಲಲ್ಲಿ ಪುಟ್ಟ ಮಣೆಯ ಮೇಲೆ ಕೂತು, ಹಸಿ ತೊಗಲನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಹಗ್ಗ ಹೆಣೆಯುತ್ತಿದ್ದ. ಒಣಗಿಸಿದ ಮಾಂಸದ ಎಳೆಯಂಥ ಆಳು. ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಯಲ್ಲಿ ಹದಿನೆಂಟು ವರ್ಷ ದುಡಿದು ಎರಡು ಬೆರಳನ್ನು ಅಲ್ಲೇ ಬಿಟ್ಟು ಬಂದವನು. ನೆಲದ ಕುಶಲ, ದನದ ಕುಶಲ ಎಲ್ಲ ಮುಗಿದ ಮೇಲೆ ತಲೆಯೆತ್ತದೆ ಕೇಳಿದ, “ಮೊಸಿಮನೆಗಾಪೆ, ಅಂಗಿ ತೊಡ್ಸಿದ್ದು ನೀನೇನಾ?”

ನಾನೇ, ಎಂದು ಶುರುಮಾಡಿ, ದೆವ್ವದ ಹುಟ್ಟು, ಪಾದ್ರಿಯ ಅಜ್ಞಾನ, ನಮ್ಮ ಸಂಗೀತದ ಕುಲಗೋತ್ರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನೀವೇ ಕೇಳಿ ನೋಡಿ ಮಾವ, ಅಂದೆ. ಅವನು ಬೊನೊಲೊಳ ಕಡೆ ತಿರುಗಿದ.

“ಇವ್ನು ಯಾವಾಗ್ಲೂ ಹಿಂಗೇನಾ?”

“ಇವತ್ತು ಕಮ್ಮಿ, ಮಾವ.”

“ಹಾಕು ಹಂಗಾರೆ. ಸಂಜೆಗಂಟ ನಂಗೆ ಹಗ್ಗದ ಕೆಲ್ಸ ಇದೆ.”

ಬೊನೊಲೊ ಪಿಕಪ್ಪಿನ ಬಾಗಿಲು ತೆರೆದಿಟ್ಟಳು. ಅದರ ಧ್ವನಿಪೆಟ್ಟಿಗೆಗಳು ಒಂದೊಂದೂ ಕರುವಿನ ಗಾತ್ರ. ಮೊದಲು ಹಳೆಯ ಹೆವಿ ಮೆಟಲ್. ಇಂಗ್ಲೆಂಡಿನ ಕಬ್ಬಿಣದ ಊರಿನ ‘ಕಪ್ಪು ಕುಲುಮೆ’ಯ ‘ಏಳನೆಯ ಸುತ್ತಿಗೆ’. ಎಲ್ಲದಕ್ಕೂ ಇದೇ ಅಡಿಗಲ್ಲು ಎಂದು ಹೇಳಿದೆ. ಇದರ ಗಿಟಾರಿನಲ್ಲಿ ಒಂದು ಸ್ವರವೂ ವ್ಯರ್ಥವಿಲ್ಲ, ಆದರೆ ಎರಡನೆಯ ಬದಿಯಲ್ಲಿ ಹಾಡುಗಾರನಿಗೆ ಪ್ರೇಮ ಹತ್ತಿ ಆಲ್ಬಂ ಕುಂಟುತ್ತದೆ, ಎಂಟು ಎತ್ತು. ಮುದುಕ ಪಟ್ಟಿ ಸೀಳುತ್ತ, ಇದು ಕೆಲಸಕ್ಕೆ ಹೋಗುವ ಗಂಡಸರ ಹಾಡು, ಕೆಟ್ಟದ್ದೇನಿಲ್ಲ, ಅಂದ. ಆಮೇಲೆ, ಎತ್ತು ಅಂದೆಯಲ್ಲ, ಯಾರ ಎತ್ತು, ಎಂದು ಕೇಳಿದ. ನನ್ನ ಪದ್ಧತಿ ವಿವರಿಸಿದೆ. ಎತ್ತನ್ನು ಹಾಡಿಗೆ ಕೊಡುವವನು ಎತ್ತು ಸಾಕಿದವನಲ್ಲ, ಎಂದು ಗೊಣಗಿದ.

ಎರಡನೆಯದು ಥ್ರ್ಯಾಶ್, ಅಮೆರಿಕದ ‘ಮುಳ್ಳುತಂತಿ’. ಇದರ ವೇಗ ಹೇಗೆಂದರೆ, ನಾನು ಮೊದಲ ಸಲ ಕೇಳಿದಾಗ ಹಾಡು ನನಗಿಂತ ಮೊದಲೇ ಮನೆ ಸೇರಿತ್ತು. ಸಿಟ್ಟು ಅಪ್ಪಟ, ಆದರೆ ಎಲ್ಲ ಹಾಡೂ ಒಂದೇ ಸಿಟ್ಟು; ಆರು ಎತ್ತು. ದನದ ಸಂತೆಯಲ್ಲಿ ಹರಾಜು ಕೂಗುವವನಿಗೆ ಹೊಟ್ಟೆ ಕೆಟ್ಟಂತಿದೆ, ಅಂದ ಮುದುಕ. ಮೂರನೆಯದು ಪವರ್ ಮೆಟಲ್, ಕುದುರೆ, ಕತ್ತಿ, ಬೆಂಕಿಯುಗುಳುವ ಹಾವುಗಳ ಆಲ್ಬಂ. ದೇವರ ಪಕ್ಷದ ಸಂಗೀತವೆಂದು ಅದನ್ನು ಬೇಕೆಂದೇ ತಂದಿದ್ದೆ. ನನ್ನ ಅಭಿಪ್ರಾಯದಲ್ಲಿ ಅದು ಸಕ್ಕರೆ ಹಾಕಿ ಬೇಯಿಸಿದ ಮಾಂಸ. ಮೂರು ಎತ್ತು, ಅದೂ ಗಿಟಾರಿನವನ ಬೆರಳಿಗೆ ಕರುಣೆ ತೋರಿಸಿ. ಹಾಡುಗಾರನ ದನಿ ಮೇಲೇರಿದಾಗ ಮಾವ ಚಾಕು ಕೆಳಗಿಟ್ಟು, ಇವನದು ದೊಡ್ಡಿಯ ಬಾಗಿಲಿಗೆ ಸಿಕ್ಕಿಕೊಂಡಿರುವುದು ಏನು, ಎಂದು ಬೊನೊಲೊಳನ್ನೇ ಕೇಳಿದ. ಅವಳು ಆಕಾಶ ನೋಡಿದಳು.

ನಾಲ್ಕನೆಯದಕ್ಕೆ ನಾನೇ ಸ್ವಲ್ಪ ಅಂಜಿದೆ. ಡೆತ್ ಮೆಟಲ್, ‘ಕೊಳೆತ ಸಿಂಹಾಸನ’. ಹಾಡುಗಾರನ ಗಂಟಲು ಬಾವಿಯ ತಳದಿಂದ ಬರುತ್ತದೆ. ಗೋರಿಗಳ ಬಗ್ಗೆ ಹಾಡುವ ಇವರಿಗೆ ಗೋರಿ ತೋಡಿ ಗೊತ್ತಿಲ್ಲವೆಂಬುದೇ ನನ್ನ ದೂರು, ಆದರೂ ತೂಕಕ್ಕೆ ತಲೆಬಾಗಿ ಏಳು ಎತ್ತು. ಗಂಟಲು ಶುರುವಾದದ್ದೇ ದೊಡ್ಡಿಯೊಳಗಿನ ಗೂಳಿ ತಲೆಯೆತ್ತಿ ಅದೇ ಸ್ವರದಲ್ಲಿ ಉತ್ತರ ಕೊಟ್ಟಿತು. ನೀವು ನಂಬುವುದಿಲ್ಲ, ಶ್ರುತಿ ಕೂಡಿತ್ತು. ಮುದುಕ ಮೊದಲ ಸಲ ನಿಜವಾದ ಕಾಳಜಿಯಿಂದ ಆಲಿಸಿ, ಈ ಮನುಷ್ಯನಿಗೆ ಕಾಲುಬಾಯಿ ಜ್ವರವಿದೆ, ದನದ ಹತ್ತಿರ ಬಿಡಬೇಡಿ, ಅಂದ.

ದೆವ್ವ ಎಲ್ಲಾದರೂ ಕಂಡಿತಾ ಮಾವ, ಎಂದು ಕೇಳಿದೆ. ಅವನು, ಇನ್ನೇನಿದೆ, ಅಂದ.

ಇನ್ನುಳಿದದ್ದು ಡೂಮ್. ಫಿನ್ಲೆಂಡಿನ ‘ಜೌಗು’ ತಂಡದ ‘ದೀಪ ಆರಿದ ಮೇಲೆ’. ಇದು ಮೂಳೆಯದೇ ಕ್ಯಾಸೆಟ್ಟು. ನನಗೆ ಅದರ ಮೇಲೆ ಅಷ್ಟು ಒಲವಿರಲಿಲ್ಲ, ನಾಲ್ಕು ಎತ್ತು ಕೊಟ್ಟಿದ್ದೆ. ಎರಡು ಪೆಟ್ಟಿನ ನಡುವೆ ಒಂದು ಲೋಟ ಚಹಾ ಕುಡಿದು ಲೋಟ ತೊಳೆದಿಡಬಹುದು, ಅಷ್ಟು ನಿಧಾನ. ಅದರ ದೊಡ್ಡ ಹಾಡಿನಲ್ಲಿ ಗಿಟಾರು ನೆಲದಡಿಯ ಗುಡುಗಿನಂತೆ ಎಳೆಯುತ್ತಿರುತ್ತದೆ, ಡ್ರಮ್ಮಿನವನು ಒಂದೇ ಪೆಟ್ಟು ಹೊಡೆದು ಕಾಯುತ್ತಾನೆ. ಮತ್ತೊಂದು ಪೆಟ್ಟು, ಇನ್ನಷ್ಟು ಕಾಯುವುದು. ಹಾಡು ಮುಂದುವರಿದಂತೆ ನಡುವಿನ ಮೌನ ಉದ್ದವಾಗುತ್ತ ಹೋಗುತ್ತದೆ.

ಡ್ರಮ್ಮಿನ ಮೂರನೆಯ ಪೆಟ್ಟು ಬಿದ್ದಾಗ ಮುದುಕನ ಕೈ ನಿಂತಿತು. ನಾನು ನನ್ನ ನಾಲ್ಕು ಎತ್ತಿನ ಮಾತು ಶುರುಮಾಡಿದ್ದೆ. ಬೊನೊಲೊ ನನ್ನ ಕಾಲು ತುಳಿದಳು. ಹಾಡು ಮುಗಿಯುವವರೆಗೂ ಅವನು ಎರಡು ಬೆರಳಿಲ್ಲದ ಕೈಯನ್ನು ಮಂಡಿಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಆಮೇಲೆ ತಾನಾಗಿಯೇ ಹೇಳಿದ.

ಗಣಿಯಲ್ಲಿ ಒಮ್ಮೆ ಚಾವಣಿ ಕುಸಿದಿತ್ತಂತೆ. ಒಳಗುಳಿದವರು ಮೂವರು. ದೀಪ ಆರಿತು. ಗೋಡೆಗುಂಟ ಹೋಗುವ ನೀರಿನ ಕೊಳವೆಯೊಂದು ಮೇಲಿನವರೆಗೆ ಮುಟ್ಟಿತ್ತು. ಅದಕ್ಕೆ ಕಲ್ಲಿನಿಂದ ತಟ್ಟುತ್ತ ಕೂತರು. ಬೇಗ ಬೇಗ ತಟ್ಟಿದರೆ ಉಸಿರು ಖರ್ಚಾಗುತ್ತದೆ. ಹಾಗಾಗಿ ಒಂದು ಪೆಟ್ಟು, ಆಮೇಲೆ ಕಾಯುವುದು, ಮೇಲಿನಿಂದ ಉತ್ತರ ಬಂದೀತೇ ಎಂದು ಕಬ್ಬಿಣಕ್ಕೆ ಕಿವಿಯಿಟ್ಟು. ಗಾಳಿ ತೆಳುವಾದ ಹಾಗೆ ಪೆಟ್ಟುಗಳು ದೂರ ದೂರವಾದವು. ಮೊದಲು ಒಬ್ಬ ತಟ್ಟುವುದನ್ನು ನಿಲ್ಲಿಸಿದ, ಆಮೇಲೆ ಇನ್ನೊಬ್ಬ. ಮೇಲಿನವರು ಬಂದು ಬಂಡೆ ಸರಿಸಿದಾಗ ಗಬಾಕೆ ಒಬ್ಬನೇ ತಟ್ಟುತ್ತಿದ್ದ. ಸಾಕು ಬಿಡು ಎಂದು ಕೈಯಿಂದ ಕಲ್ಲು ಕಿತ್ತುಕೊಂಡ ಮೇಲೂ ಕೈ ತಟ್ಟುತ್ತಲೇ ಇತ್ತಂತೆ.

“ಈ ಡ್ರಮ್ಮಿನೋನು ಅಲ್ಲಿಗೆ ಹೋಗಿದ್ದಾನೆ,” ಅಂದ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಗೆದ್ದೆನೆಂಬ ಅಮಲು ನೆತ್ತಿಗೇರಿತ್ತು. ಮುದುಕ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು, ಅವನ ಅಂಗಿಯ ಬೆನ್ನ ಮೇಲೆ ಏನೋ ಗುರುತಿದೆಯಂತಲ್ಲ, ಪಾದ್ರಿ ಅದನ್ನು ದೆವ್ವದ ಮೊಹರು ಅಂದನಂತೆ, ಅದೇನದು, ಎಂದು ಕೇಳಿದ. ಇದಕ್ಕಾಗಿಯೇ ನಾನು ಹುಟ್ಟಿದ್ದೆ. ಮಂಡಿಯೂರಿ ಬೆರಳಿನಿಂದ ಮರಳಿನ ಮೇಲೆ ಬರೆದೆ: ಎರಡು ಕೊಂಬು, ತಲೆಕೆಳಗಾದ ಈಟಿ, ಅಡ್ಡಪಟ್ಟಿ. ಬರೆಯುತ್ತ ಹಿಮಗೋರಿಯ ಕಥೆ ಹೇಳಿದೆ. ಅವತ್ತು ಹೇಳಿದಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಸುಟ್ಟುಹೋದ ತೊಂಬತ್ತು ಪ್ರತಿ ತೊಂಬತ್ತೊಂಬತ್ತಾಯಿತು. ನಾವಿಕ ನನ್ನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣಬಿಟ್ಟ. ಕಟಕಟಿಸುವ ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಮುದುಕ ಮರಳನ್ನೇ ನೋಡುತ್ತಿದ್ದ. “ಸರಿಯಾಗಿ ಹಿಂಗೇ ಇತ್ತಾ?”

“ನನ್ನ ಅಂಗೈ ಗೆರೆ ಇದ್ದಂಗೆ, ಮಾವ. ಹತ್ತು ಎತ್ತಿನ ಆಲ್ಬಂ ಅದು.”

ಅವನು ಎದ್ದು ಗುಡಿಸಲೊಳಗೆ ಹೋಗಿ ಉದ್ದನೆಯ ಕಬ್ಬಿಣದ ಕೋಲೊಂದನ್ನು ತಂದ. ಅದರ ತುದಿಯನ್ನು ನನ್ನ ಚಿತ್ರದ ಪಕ್ಕದಲ್ಲಿ ಮರಳಿಗೆ ಒತ್ತಿ ತೆಗೆದ. ಎರಡು ಕೊಂಬು, ತಲೆಕೆಳಗಾದ ಈಟಿ, ಅಡ್ಡಪಟ್ಟಿ. ದನಕ್ಕೆ ಹಾಕುವ ಬರೆ. ನಾನು ತಲೆಯೆತ್ತಿದೆ. ದೊಡ್ಡಿಯಲ್ಲಿದ್ದ ಪ್ರತಿ ಹಸು, ಪ್ರತಿ ಎತ್ತು, ಹಾಡಿನ ಜೊತೆ ಶ್ರುತಿ ಕೂಡಿಸಿದ ಆ ಗೂಳಿ, ಎಲ್ಲದರ ತೊಡೆಯ ಮೇಲೂ ನಾರ್ವೆಯ ಹಿಮಗೋರಿ ತಂಡದ ಲಾಂಛನ. ನಡುಹಗಲಿನಿಂದ ಅವು ನನ್ನ ಮೂಗಿನ ಮುಂದೆಯೇ ಬಾಲ ಬೀಸುತ್ತಿದ್ದವು. ನಾರ್ವೆಯವರೆಗೆ ಕಾಣುವ ಕಣ್ಣಿಗೆ ಎದುರಿಗಿನ ಕುಂಡೆ ಕಾಣುವುದಿಲ್ಲ. ದೂರದೃಷ್ಟಿಯ ತೊಂದರೆಯೇ ಅದು.

ಬೊನೊಲೊ ನಕ್ಕಳು. ಪಿಕಪ್ಪಿಗೆ ಒರಗಿ, ಆಮೇಲೆ ಅದರ ಚಕ್ರದ ಪಕ್ಕ ಕುಸಿದು ಕೂತು ನಕ್ಕಳು. ನಗು ಯಾವ ಗಳಿಗೆಯಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ.

“ಗುಡುಗನ್ನ ಕೇಳಿ ಅಂತಿದ್ದ ನನ್ಮಗ,” ಅಂದಳು. “ಇಷ್ಟು ವರ್ಷ. ಒಂದು ದಿನಾನೂ ಬಾಯಿ ಬಿಡ್ಲಿಲ್ಲ ನೋಡು.”

ಮುದುಕ ನಗಲಿಲ್ಲ. ಅವನು ಕೋಲು ಊರಿಕೊಂಡು ನಿಂತೇ ಹೇಳಿದ. ಒಲೆಬಿಲೆ ಗಣಿಗೆ ಸೇರಿದ ವರ್ಷ ತಾನು ಅವನಿಗೆ ಒಂದು ಕೆಂದು ಎತ್ತು ಕೊಟ್ಟಿದ್ದನಂತೆ. ಹೋರಿಗರುವಿನಿಂದ ಅಂಗೈಯಲ್ಲಿ ಉಪ್ಪು ನೆಕ್ಕಿಸಿ ಸಾಕಿದ್ದು. ಅದು ಹಾವು ಕಡಿದು ಸತ್ತಿತು. ಅಳಿಯ ಬಂದು ಚರ್ಮ ಸುಲಿದುಕೊಂಡು ಹೋದವನು ಮತ್ತೆ ಈ ಕಡೆ ತಿರುಗಿ ನೋಡಲಿಲ್ಲ. ಚರ್ಮ ಮಾರಿ ಕುಡಿದಿರಬೇಕು, ಆ ನಾಚಿಕೆಗೆ ಮುಖ ತೋರಿಸುತ್ತಿಲ್ಲ ಎಂದು ಮಾವ ನಂಬಿದ್ದ. ನಾಚಿಕೆಪಡಲಿ ಎಂದು ಇವನೂ ಹೇಳಿಕಳಿಸಲಿಲ್ಲ. ರೋಗದ ಸುದ್ದಿ ಬಂದಾಗಲೂ ಹೋಗಲಿಲ್ಲ.

“ಮತ್ತೆ ದೆವ್ವ?” ಅಂದೆ.

“ದೆವ್ವದ ಭಯ ನಂಗ್ಯಾಕೋ? ಅದರ ಮನೇಲೇ ಹದಿನೆಂಟು ವರ್ಷ ದುಡ್ದಿದೀನಿ. ಬಂದಾಗಿಂದ ನೀನೇ ದೆವ್ವ ದೆವ್ವ ಅಂತಿದೀಯ.” ಅವನು ಉಗುಳಿದ. “ಸತ್ತೋನ ಮೈಮೇಲಿನ ಅಂಗಿ ಯಾರ್ದು, ಮೊಸಿಮನೆಗಾಪೆ?”

ಆಗ ನನಗೆ ಹೊಳೆಯಿತು. ಸತ್ತವನ ಅಂಗಿ ಸೋದರಮಾವನದು. ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ಸತ್ತ ಅಳಿಯನ ಅಂಗಿ, ಟೋಪಿ, ಕಂಬಳಿ ಮಾವನ ಕೈಗೆ ಬಂದರೆ ಮಾತ್ರ ಅವನು ಮಾವ. ಇಲ್ಲದಿದ್ದರೆ ಮಣ್ಣು ಹಾಕಲು ಬಂದ ದಾರಿಹೋಕ. ಜಗತ್ತಿನ ಎಲ್ಲ ದೇಶದ ಆಲ್ಬಂ ಕೇಳಿದ ನಾವಿಬ್ಬರೂ ಅವನ ಅಂಗಿಯನ್ನು ಅವನನ್ನೇ ಕೇಳದೆ ಪೆಟ್ಟಿಗೆಯೊಳಗೆ ಹಾಕಿದ್ದೆವು.

ಈಗ ತೆಗೆ ಅನ್ನುತ್ತಾನೆ ಅಂದುಕೊಂಡೆ. ಮಡಿಸಿದ ಆ ತೋಳುಗಳನ್ನು ನನ್ನ ಕೈಯಿಂದಲೇ ಬಿಚ್ಚಬೇಕಾಗುತ್ತದೆ. ಬೊನೊಲೊ ಅಳು ನಿಲ್ಲಿಸಿ ಅವನ ಬಾಯನ್ನೇ ನೋಡುತ್ತಿದ್ದಳು. ಮುದುಕ ಮಣೆಯ ಮೇಲೆ ಕೂತ. ಮರಳಿನ ಮೇಲಿನ ಎರಡು ಗುರುತುಗಳನ್ನು, ಒಂದು ನನ್ನದು ಒಂದು ತನ್ನದು, ನೋಡುತ್ತ ಕೂತ. ಬೇಲಿಯ ನೆರಳು ಬಂದು ಅವನ ಕಾಲು ಮುಟ್ಟಿತು.

“ಹಿಂದೆ ನಮ್ಮೋರ್ನ ಎತ್ತಿನ ಚರ್ಮದಲ್ಲೇ ಸುತ್ತಿ, ದೊಡ್ಡೀಲೇ ಹೂಳ್ತಿದ್ರು,” ಅಂದ ಕೊನೆಗೆ. “ಇವ್ನು ತಾನೇ ಸುತ್ಕೊಂಡಿದಾನೆ. ನನ್ನ ಬರೆ ಬೆನ್ನ ಮೇಲಿಟ್ಕೊಂಡು ಊರೂರು ತಿರುಗಿದಾನೆ, ನನಗೇ ಗೊತ್ತಿಲ್ಲ. ಹೋಗ್ಲಿ, ಅದ್ರಲ್ಲೇ ಹೋಗ್ಲಿ. ಸತ್ತೋನ ಮೈಯಿಂದ ಕಿತ್ಕೊಳಕ್ಕೆ ನಾನೇನು ಕತ್ತೆಕಿರುಬನಾ?”

ನನಗೆ ಎದ್ದು ಕುಣಿಯಬೇಕೆನಿಸಿತು. ಅವನ ಮಾತು ಮುಗಿದಿರಲಿಲ್ಲ.

“ಆದ್ರೆ ಮಾವ ಬರೀ ಮೈಲಿ ಗುಂಡಿ ಹತ್ರ ನಿಲ್ಲಕ್ಕಾಗಲ್ಲ. ನನ್ನ ಅಂಗಿ ನೀನು ಮಣ್ಣಿಗೆ ಕೊಟ್ಟೆ. ನಿಂದು ಬಿಚ್ಚು.”

ನಾನು ಬೂಟು ಕೊಡುತ್ತೇನೆಂದೆ. ಸರಪಳಿ ಕೊಡುತ್ತೇನೆಂದೆ. ಪೆಟ್ಟಿಗೆಯಲ್ಲಿರುವ ಎಲ್ಲ ಆಲ್ಬಂ, ಧ್ವನಿಪೆಟ್ಟಿಗೆ ಸಮೇತ, ಬೇಕಾದರೆ ಬೊನೊಲೊಳ ಪಿಕಪ್ಪನ್ನೂ ಕೊಡುತ್ತೇನೆಂದೆ. ಮೂವತ್ತು ವರ್ಷದ ಅಂಗಿ, ಮಾವ. ಒಂದೊಂದು ಮೊಳೆಗೂ ಒಂದೊಂದು ಕಥೆ ಇದೆ.

“ಅವೆಲ್ಲ ನಾರ್ವೆ ಕಥೆಗಳೇ ತಾನೇ,” ಅಂದಳು ಬೊನೊಲೊ. “ಬಿಚ್ಚು, ಗುಡುಗು.”

ಬಿಚ್ಚಿದೆ. ಇಲ್ಲೊಂದು ವಿವರವನ್ನು ಬಿಟ್ಟುಬಿಡಬಹುದಿತ್ತು, ಆದರೆ ಇಷ್ಟು ಹೊತ್ತಿಗಾಗಲೇ ಬೊನೊಲೊ ಊರಿಗೆಲ್ಲ ಹೇಳಿಯಾಗಿದೆ. ನಮ್ಮ ಕಡೆ ಜುಲೈ ಅಂದರೆ ಕೊರೆವ ಚಳಿಗಾಲ, ಅದಕ್ಕೆಂದು ಅಂಗಿಯ ಒಳಗೆ ನಾನು ಹೆಂಡತಿ ಹೆಣೆದ ಗುಲಾಬಿ ಬಣ್ಣದ ಸ್ವೆಟರು ತೊಟ್ಟಿದ್ದೆ. ಎದೆಯ ಮೇಲೆ ಎರಡು ಬಾತುಕೋಳಿ. ಮುದುಕ ಬಾತುಕೋಳಿಗಳನ್ನು ನೋಡಿದ, ಒಂದು ಮಾತೂ ಆಡಲಿಲ್ಲ. ಅಷ್ಟು ದೊಡ್ಡ ಮನುಷ್ಯ.

ಹೊರಡುವಾಗ ಯಾವ ಆಲ್ಬಂ ಹಾಕುತ್ತೀಯ ಎಂದು ಕೇಳಿದ. ನನ್ನ ಮನಸ್ಸಿನಲ್ಲಿ ‘ಏಳನೆಯ ಸುತ್ತಿಗೆ’ ಇತ್ತು. ಮರ್ಯಾದಸ್ಥ ಆಲ್ಬಂ, ಊರಿನವರೂ ಒಪ್ಪುತ್ತಾರೆ. ಹೇಳಲು ಬಾಯಿ ತೆರೆದವನು ನಿಲ್ಲಿಸಿದೆ. ಮೂಳೆಯ ಕೈ ನನ್ನ ಸರಪಳಿ ಎಳೆದಂತಾಯಿತು.

“ತಟ್ಟೋ ಹಾಡು,” ಅಂದೆ.

“ಹೂಂ,” ಅಂದ ಮಾವ. “ಕೆಳಗಿಂದ ತಟ್ಟಿದ್ದು ಸಾಕು. ಈ ಸಲ ಮೇಲಿಂದ ತಟ್ಟೋಣ. ಯಾರೋ ಇದಾರೆ ಅಂತ ಅವ್ನಿಗೆ ಗೊತ್ತಾಗ್ಲಿ.”

ಶನಿವಾರ ಹೊತ್ತು ಮೂಡುವ ಮುನ್ನ ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಕೂತಿತ್ತು. ಬಳಗದವರು ಎಲ್ಲೆಲ್ಲಿಂದಲೋ ಬಂದಿದ್ದರು. ತೊಗಲು, ಕೊಂಬು, ಸರಪಳಿಗಳ ಸಾಲು, ನಮ್ಮ ಪದ್ಧತಿಯಂತೆ ಒಬ್ಬರ ಹಿಂದೊಬ್ಬರು ಭಾರವಾಗಿ ಹೆಜ್ಜೆಯೆತ್ತಿ ಇಡುತ್ತ. ಸಾಲಿನ ನಡುವೆ ಗುಲಾಬಿ ಸ್ವೆಟರಿನಲ್ಲಿ ನಾನು. ನನ್ನ ಅಂಗಿ ಗುಂಡಿಯ ತಲೆಯ ಕಡೆ ನಿಂತಿತ್ತು, ಒಳಗೆ ಗಬಾಕೆ ಮಾವ. ಕೊಂಬುಗಳು ಅವನ ಕಿವಿಯವರೆಗೂ ಬರುತ್ತಿದ್ದವು. ಪಾದ್ರಿ ಅವನನ್ನು ನೋಡಿ ಪ್ರಾರ್ಥನೆಯನ್ನು ಅರ್ಧಕ್ಕೆ ಇಳಿಸಿದ. ಹೆಂಗಸರ ಹಾಡು ಮುಗಿಯಿತು. ಬೊನೊಲೊ ಪಿಕಪ್ಪಿನ ಬಾಗಿಲು ತೆರೆದಳು.

ಪೆಟ್ಟಿಗೆ ಇಳಿಯಿತು. ಒಂದು ಪೆಟ್ಟು. ಗಂಡಸರು ಸನಿಕೆ ಹಿಡಿದರು. ನಮ್ಮಲ್ಲಿ ಮಣ್ಣು ತುಂಬುವುದು ಸರದಿಯ ಮೇಲೆ, ದಣಿದವನ ಕೈಯಿಂದ ಹಿಂದಿನವನು ಸನಿಕೆ ಕಸಿದುಕೊಳ್ಳಬೇಕು. ಯಾರೂ ಹೇಳಿಕೊಡದೆಯೇ ಸನಿಕೆಗಳು ಡ್ರಮ್ಮಿನ ಪೆಟ್ಟನ್ನು ಕಾದು ಬೀಳತೊಡಗಿದವು. ಪೆಟ್ಟು, ಮಣ್ಣು. ಮೌನ. ಪೆಟ್ಟು, ಮಣ್ಣು. ತಾಯಿ ಕಂಬಳಿಯೊಳಗಿಂದ ಒಂದು ಸಲವೂ ತಲೆಯೆತ್ತಲಿಲ್ಲ. ಮೌನ ಉದ್ದವಾಗುತ್ತ ಹೋಯಿತು, ಗುಂಡಿ ತುಂಬುತ್ತ ಬಂತು. ಕೊನೆಯ ಪೆಟ್ಟು ಬಿತ್ತು. ಅದಾದ ಮೇಲೆ ಕ್ಯಾಸೆಟ್ಟಿನ ಖಾಲಿ ಸುರುಳಿ ಸುತ್ತುವ ಸದ್ದು ಮಾತ್ರ.

ಜನ ಕೈತೊಳೆದುಕೊಂಡು ಊಟದ ಮನೆಯ ಕಡೆ ಹೊರಟರು. ಮಾವ ಹೊರಡಲಿಲ್ಲ. ಮಣ್ಣದಿಬ್ಬದ ಪಕ್ಕ ಕುಕ್ಕರಗಾಲಲ್ಲಿ ಕೂತು, ತಲೆಯನ್ನು ಒಂದು ಕಡೆ ವಾಲಿಸಿ, ಕಾಯುತ್ತಿದ್ದ. ನನ್ನ ಅಂಗಿಯ ಕೊಂಬುಗಳೂ ಅವನ ಜೊತೆ ಒಂದು ಕಡೆಗೆ ವಾಲಿದ್ದವು. ಬಹಳ ಹೊತ್ತಾದ ಮೇಲೆ, ಹಿಂದೆ ನಿಂತ ನನಗೋ ತನಗೋ ಎಂಬಂತೆ, “ಇದಕ್ಕೆ ನಾನು ಒಂದು ಎತ್ತು ಕೊಟ್ಟಿದೀನಿ,” ಅಂದ. ಅಂಗೈಯನ್ನು ಮಣ್ಣಿನ ಮೇಲಿಟ್ಟ.

ಎತ್ತಿನ ಲೆಕ್ಕ ತಿದ್ದಿಕೊಂಡೆಯಾ ಎಂದು ಬೊನೊಲೊ ಈಗಲೂ ಕೇಳುತ್ತಾಳೆ. ಹಿಮಗೋರಿಯ ಹತ್ತು ಎತ್ತು ಹಾಗೇ ಇವೆ. ಅದಕ್ಕಿಂತ ಒಳ್ಳೆಯ ಆಲ್ಬಂ ನಾನು ಕೇಳಿಲ್ಲ. ಆ ಬೆಳಿಗ್ಗೆ ಅದರ ಕೊನೆಯ ಹಾಡಿನ ತುದಿ ಅಲ್ಲಿದ್ದವರಿಗೆಲ್ಲ ಕೇಳಿಸಿತು, ಬಾತುಕೋಳಿಗಳ ಮೇಲಿನ ನನ್ನ ಬಾಯಿಂದ, ಕಟಕಟ ಎಂದು. ಮಾವನೂ ಒಮ್ಮೆ ತಿರುಗಿ ನೋಡಿದ. ಅಂಗಿ ಮಾತ್ರ ಕೊಡಲಿಲ್ಲ.